ಮಾನಪ್ಪ ಒಲ್ಲೆನೆಂದ ಆಪರೇಷನ್

ಗುರುಗುಂಟಾದ ಮಾನಪ್ಪನದು ಹೋರಿಗಳ ಬೀಜ ಒಡೆದು ಎತ್ತು ಮಾಡುವುದರಲ್ಲಿ ಪಳಗಿದ ಕೈ. ಕಾಲುವೆ ನೀರು ಬಂದು ಸಿಂಧನೂರಿನ ಕಡೆ ಗದ್ದೆಗಳಾದ ಮೇಲೆ ಎತ್ತುಗಳಿಗೆ ಎಲ್ಲಿಲ್ಲದ ಬೇಡಿಕೆ. ದೂರದ ದಢೇಸುಗೂರಿನಿಂದಲೂ ಅವನಿಗೆ ಕರೆ ಬರುತ್ತಿತ್ತು. ಕೆಲಸ ಮುಗಿಸಿ ಮೀಸೆ ತಿರುವುತ್ತ ಬಂದು, "ಇವತ್ತೊಬ್ಬನ ಸೊಕ್ಕು ಇಳಿಸಿ ಬಂದೆ" ಎಂದು ಹೆಂಡತಿ ಗದ್ದೆಮ್ಮನನ್ನು ನಗಿಸುತ್ತಿದ್ದ. ಈಗ ಆ ಮಾತಿಗೆ ಅವಳು ನಗುತ್ತಿರಲಿಲ್ಲ.

ಉಚ್ಚೆ ಕಟ್ಟಿ ಒದ್ದಾಡಿದ ಮಾನಪ್ಪನಿಗೆ ಪಟ್ಟಣದ ದವಾಖಾನೆಯಲ್ಲಿ ಆಪರೇಷನ್ ಆಗಿತ್ತು. ತೆಗೆದ ಪ್ರಾಸ್ಟೇಟ್ ಗ್ರಂಥಿಯ ಗಡ್ಡೆಯಲ್ಲಿ ಕ್ಯಾನ್ಸರ್ ಇತ್ತು. ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದರು: ಬೀಜಗಳ ರಸವೇ ಈ ರೋಗಕ್ಕೆ ಮೇವು, ಅವನ್ನು ತೆಗೆದರೆ ರೋಗ ಹಿಮ್ಮೆಟ್ಟಿ ಕೆಲವು ವರ್ಷ ಆಯುಷ್ಯ ಸಿಗಬಹುದು, ಆದರೆ ಹೆಣ್ಣಿನ ಆಸೆ ಉಳಿಯುವುದಿಲ್ಲ. ಬಿಟ್ಟರೆ ರೋಗ ಎಲುಬಿಗೆ ಇಳಿಯುತ್ತದೆ. ಬೆನ್ನು ನೋಯತೊಡಗಿದರೆ ಒಂದು ದಿನವೂ ತಡ ಮಾಡಬಾರದು, ಬೆನ್ನಿನ ನರ ಅದುಮಿಹೋಗುತ್ತದೆ.

ಮಾನಪ್ಪ ಎದ್ದು ನಡೆದೇಬಿಟ್ಟ. "ವಯಸ್ಸಾದ ಹೋರೀಗೆ ಒಡದ್ರ ಅದು ಉಳಿಯಂಗಿಲ್ಲ. ನನಗೇನ್ ಹೇಳ್ತಾನ ಅಂವ" ಎಂದ ಬಸ್ಸಿನಲ್ಲಿ.

ಕಸುಬಿನ ಮಾತು ಬರೀ ನೆಪವೆಂದು ಗದ್ದೆಮ್ಮನಿಗೆ ಗೊತ್ತು. ಮೊದಲ ಆಪರೇಷನ್ ಆದಾಗಿನಿಂದ ಅವನ ಗಂಡಸುತನ ಕೈಕೊಟ್ಟಿತ್ತು. ಅದು ಅವಳಿಗೆ ತಿಳಿದೀತೆಂದು ಮಲಗುವ ಹೊರಸನ್ನು ಕೊಟ್ಟಿಗೆಗೆ ಸಾಗಿಸಿ, ಎತ್ತುಗಳ ಪಕ್ಕ ಮಲಗತೊಡಗಿದ್ದ. ಅವಳಿಗೋ ಅದು ಎಂದೋ ತಿಳಿದಿತ್ತು. ಈ ಗಂಡಸರ ಮೊಂಡುತನಕ್ಕೆ ಬೆಂಕಿ ಬೀಳಲಿ ಎಂದು ಶಪಿಸುತ್ತಲೇ ಅವನಿಗೆ ಬಿಸಿ ರೊಟ್ಟಿ ಬಡಿಯುತ್ತಿದ್ದಳು.

ಜೋಳದ ಕೊಯ್ಲಿನ ಹೊತ್ತಿಗೆ ಅವನು ಸೊಂಟ ಹಿಡಿದುಕೊಂಡು ಏಳತೊಡಗಿದ. ಕೇಳಿದರೆ "ಹೋರಿ ಒದ್ದೈತಿ" ಎನ್ನುತ್ತಿದ್ದ. ಅವನು ಹೋರಿ ಮುಟ್ಟಿ ಎಷ್ಟೋ ದಿನಗಳಾಗಿದ್ದವು.

ಒಂದು ಸಂಜೆ ಗದ್ದೆಮ್ಮ ಕೊಟ್ಟಿಗೆಗೇ ಹೋಗಿ ಅವನ ಪಕ್ಕ ಕೂತಳು. "ನಾ ಅದನ್ನ ಬೇಡೀನೇನು? ನೀ ಮಗ್ಗಲದಾಗ ಇದ್ರ ಸಾಕು ನನಗ."

"ಆಮ್ಯಾಲ ನೀ ನನ್ನ ಎತ್ತು ನೋಡಿದಂಗ ನೋಡ್ತಿ, ಗದ್ದಿ."

"ಎತ್ತಿಗೆ ದಿನಾ ನನ್ನ ಕೈಯಾರೆ ಮೇವು ಹಾಕ್ತೀನಿ. ಎಂದರ ಕೀಳಾಗಿ ನೋಡೀನೇನು?"

ಮಾನಪ್ಪ ಅವಳ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, "ನಾಳೆ ಮೊದಲನೇ ಬಸ್ಸಿಗೆ ಹೋಗಾಣ" ಎಂದ. ಹೊರಸು ಮತ್ತೆ ಮನೆಯೊಳಗೆ ಬಂತು.

ಬೆಳಗ್ಗೆ ಬುತ್ತಿ ಕಟ್ಟಿಟ್ಟು ಅವನನ್ನು ಎಬ್ಬಿಸಿದಳು. ಅವನ ಕಾಲು ಅಲುಗಲಿಲ್ಲ. ಗಾಬರಿಯಿಂದ ತೊಡೆ ತಿಕ್ಕಿದಳು. ಅವಳ ಕೈ ಎಲ್ಲಿದೆಯೆಂದೇ ಅವನಿಗೆ ತಿಳಿಯಲಿಲ್ಲ. ಕುಸಿದ ದನವನ್ನು ಚಿವುಟಿ ನೋಡುವಂತೆ ಅವನು ತನ್ನ ತೊಡೆಯನ್ನು ತಾನೇ ಚಿವುಟಿದ. ಮತ್ತೊಮ್ಮೆ, ರಕ್ತ ಬರುವಂತೆ ಚಿವುಟಿದ.

"ಬುತ್ತಿ ಬಿಚ್ಚು, ಗದ್ದಿ" ಎಂದ. "ನೆಲಾ ಹಿಡದ ಎತ್ತು ಇನ್ನ ಏಳಂಗಿಲ್ಲ."