ಬಿಲ್ ಬುಕ್ ಕಾಗದದ ದೆವ್ವಗಳು

ಮೊದಲ ಪುಸ್ತಕ ನನಗೆ ಸಿಕ್ಕಿದ್ದು ಶೃಂಗೇರಿಯ ಒಂದು ಕಟಿಂಗ್ ಶಾಪಿನಲ್ಲಿ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ದಿನಚರಿ ತೆಗೆದು ನೋಡಿದರೆ ಆ ದಿನ ನಾನು ಕೊಪ್ಪ ಬಿಟ್ಟು ಹೋಗಿಯೇ ಇಲ್ಲ. ಶೃಂಗೇರಿಯ ಹೆಸರು ಬರುವುದು ಮರುವಾರ. ಹಾಗೆಂದು ದಿನಚರಿಯೇ ಸರಿ ಎನ್ನಲೂ ಧೈರ್ಯವಿಲ್ಲ. ನಾಲ್ಕಾರು ದಿನದ್ದನ್ನು ಒಟ್ಟಿಗೆ ಕೂತು ಬರೆಯುವ ಕೆಟ್ಟ ಅಭ್ಯಾಸ ನನಗಿತ್ತು. ಕ್ಷೌರದ ಕುರ್ಚಿಯ ಎದುರಿನ ಕನ್ನಡಿಯಲ್ಲಿ ಆ ಪುಸ್ತಕ ತಿರುಗುಮುರುಗಾಗಿ ಕಂಡದ್ದು ಮಾತ್ರ ನಿಜ. ಅದನ್ನು ನಾನು ಕಲ್ಪಿಸಿಕೊಳ್ಳಲಾರೆ.

ಆಗ ನಾನು ಎಂ.ಎ. ಮುಗಿಸಿ ಕೊಪ್ಪದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಎಲ್ಲರ ಕೈಗೂ ಮೊಬೈಲ್ ಬರತೊಡಗಿದ್ದ, ಆದರೆ ಊರು ದಾಟಿದರೆ ಸಿಗ್ನಲ್ ಇಲ್ಲದ ವರ್ಷಗಳು.

ಪುಸ್ತಕ ಎಂದೆನಲ್ಲ, ಆಕಾರದಲ್ಲಿ ಅದು ಅಂಗಡಿಯ ಬಿಲ್ ಬುಕ್ಕು. ಕಾಗದವೂ ಅದೇ: ಗಿರಾಕಿಗೆ ಬಿಲ್ ಹರಿದುಕೊಟ್ಟ ಮೇಲೆ ಅಂಗಡಿಯಲ್ಲಿ ಉಳಿಯುತ್ತದಲ್ಲ, ಆ ತೆಳು ಗುಲಾಬಿ ನಕಲು ಹಾಳೆ. ಎಂಟು ಹಾಳೆ, ಎರಡು ಪಿನ್ನು. ಚಿತ್ರ ಮುದ್ರಿಸಿದ್ದು ಒಂದು ಮಗ್ಗುಲಿಗೆ ಮಾತ್ರ. ಹಿಂಬದಿಯಲ್ಲಿ ಅಲ್ಲಲ್ಲಿ ಮಸುಕು ಬೂದು ಕಲೆಗಳಿದ್ದವು. ಮಳೆಗಾಲದಲ್ಲಿ ಇಲ್ಲಿ ಶಾಯಿ ಬೇಗ ಒಣಗುವುದಿಲ್ಲ. ಒಂದರ ಮೇಲೊಂದು ಪೇರಿಸಿಟ್ಟರೆ ಮೇಲಿನ ಹಾಳೆಯ ಬೆನ್ನಿಗೆ ಹತ್ತಿಕೊಳ್ಳುತ್ತದೆ. ನಮ್ಮ ಕಾಲೇಜಿನ ಪ್ರಶ್ನೆಪತ್ರಿಕೆಗಳೂ ಹಾಗೆಯೇ ಇರುತ್ತಿದ್ದವು.

ಕಥೆ ಇಷ್ಟು. ಮಟಮಟ ಮಧ್ಯಾಹ್ನ, ಅಡ್ಡಗದ್ದೆಯಂಥದೇ ಒಂದು ಊರಿನ ಬಸ್ ತಂಗುದಾಣ. ಒಬ್ಬ ಮನುಷ್ಯ ಛತ್ರಿ ಬಿಚ್ಚಿಕೊಂಡು ಬೆಂಚಿನ ಮೇಲೆ ಕೂತಿದ್ದಾನೆ. ಬೆಂಚಿನ ಉಳಿದ ಭಾಗ ಖಾಲಿ. ಪುಟದಿಂದ ಪುಟಕ್ಕೆ ಅವನು ಸ್ವಲ್ಪ ಸ್ವಲ್ಪವೇ ಅಂಚಿಗೆ ಸರಿಯುತ್ತಾನೆ, ಯಾರಿಗೋ ಜಾಗ ಬಿಟ್ಟುಕೊಡುವವನ ಹಾಗೆ, ಮುಖದಲ್ಲಿ ಸಂಕೋಚ. ಕೊನೆಯ ಪುಟದಲ್ಲಿ ಅವನೂ ಇಲ್ಲ. ಛತ್ರಿ ಮಾತ್ರ ಬಿಚ್ಚಿಕೊಂಡೇ ಇದೆ, ನೆಲದಿಂದ ನಾಲ್ಕಡಿ ಮೇಲೆ.

ಮೊದಲ ಪುಟಕ್ಕೆ ಮರಳಿ ಮತ್ತೆ ನೋಡಿದೆ. ಒಂದು ಮಾತಿಲ್ಲ, ರಕ್ತವಿಲ್ಲ, ಕೆದರಿದ ಕೂದಲಿಲ್ಲ. ಊಟ ಮುಗಿದು ಊರೆಲ್ಲ ಮಲಗಿದ ಹೊತ್ತಿನ ಬಿಸಿಲನ್ನು ಬರೀ ಗೆರೆಯಲ್ಲಿ ತಂದಿದ್ದ ಆ ಕೈ ಯಾರದು?

"ಇದು ಯಾರು ಬರೆದದ್ದು?" ಎಂದು ಅಂಗಡಿಯವನನ್ನು ಕೇಳಿದೆ.

"ಹೊರಗೆ ಬೋರ್ಡ್ ಬರೆದೋರೇ. ಬೋರ್ಡಿಗೆ ಕಮ್ಮಿ ತಗೊಳ್ತಾರೆ, ಆದ್ರೆ ಇದನ್ನ ಅಂಗಡೀಲಿ ನೇತು ಹಾಕ್ಬೇಕು ಅಂತ ಶರತ್ತು. ಎಂತ ಮಾಡೋದು ಮಾರಾಯ್ರೆ, ಜನ ಇದನ್ನ ನೋಡ್ತಾ ಕೂತು ಸರದಿ ಬಂದ್ರೂ ಏಳೂದಿಲ್ಲ."

"ದೆವ್ವದ ಕಥೆ, ದೆವ್ವವೇ ಇಲ್ಲ. ಅದೇ ಇದರ ಚಂದ," ಎಂದೆ.

ಅವನು ಕತ್ತರಿ ನಿಲ್ಲಿಸಿ ಕನ್ನಡಿಯಲ್ಲಿ ನನ್ನ ಮುಖ ನೋಡಿದ. "ಮೇಷ್ಟ್ರು ನೀವು. ನಿಮಗೆ ಗೊತ್ತಿಲ್ಲದ್ದು ಎಂತ ಇರ್ತದೆ ಬಿಡಿ," ಎಂದು ನಕ್ಕ. ನಾನು ಅದನ್ನು ಹೊಗಳಿಕೆ ಎಂದೇ ತಿಳಿದೆ. ಒಂದು ಕಟ್ಟು ಹಳೆಯ ಸಿನಿಮಾ ವಾರಪತ್ರಿಕೆ ತಂದುಕೊಟ್ಟ ಮೇಲೆ ಪುಸ್ತಕ ನನ್ನದಾಯಿತು.

ಅಲ್ಲಿಂದ ನನ್ನ ಭಾನುವಾರಗಳು ಬದಲಾದವು. ಪುಸ್ತಕದಲ್ಲಿ ಹೆಸರಿರಲಿಲ್ಲ, ವಿಳಾಸವೂ ಇರಲಿಲ್ಲ. ಇದ್ದದ್ದು ಅಂಗಡಿಯ ಬೋರ್ಡು. ಆ ಅಕ್ಷರಗಳನ್ನು ನಾನು ಕಲಿತುಕೊಂಡೆ. 'ಶ್ರೀ'ಯ ಕೆಳಗಿನ ಒತ್ತು ಬಾತುಕೋಳಿಯ ಕೊರಳಿನ ಹಾಗೆ ಹಿಂದಕ್ಕೆ ಬಾಗಿ ಮತ್ತೆ ಮುಂದಕ್ಕೆ ನೋಡುತ್ತಿತ್ತು. ಬಸ್ಸಿನ ಕಿಟಕಿಯಲ್ಲಿ ಕೂತು ಬೋರ್ಡುಗಳನ್ನೇ ನೋಡುವುದು, ಆ ಕೊರಳು ಕಂಡ ಕೂಡಲೇ ಇಳಿಯುವುದು, ಒಳಗೆ ಹೋಗಿ ಮೊಳೆಯಲ್ಲಿ ಏನಾದರೂ ನೇತಾಡುತ್ತಿದೆಯೇ ಎಂದು ಹುಡುಕುವುದು. ಹಿರೇಕೊಡಿಗೆಯ ದಿನಸಿ ಅಂಗಡಿಯಲ್ಲಿ ಒಂದು ಸಿಕ್ಕಿತು. ಅದು ಹಂಡೆಯ ನೀರು ತಾನಾಗಿ ಕಡಿಮೆಯಾಗುವ ಬಚ್ಚಲಮನೆಯ ಕಥೆ. ನೆಮ್ಮಾರಿನ ಚಹಾದ ಹೋಟೆಲಿನಲ್ಲಿ ಇನ್ನೊಂದು. ಅದರಲ್ಲಿ ಶಾಲೆಯ ಹಾಜರಿ ಪುಸ್ತಕ, ಯಾರೂ ಕೂರದ ಮಣೆ, ಅದರ ಕಡೆ ನೋಡದ ಮಕ್ಕಳು. ಎಷ್ಟೋ ಕಡೆ ದಾರ ಮಾತ್ರ ಉಳಿದಿತ್ತು. ಒಬ್ಬಾಕೆ ಒಲೆ ಹೊತ್ತಿಸಲು ಸುಟ್ಟಿದ್ದಳು. "ಅಯ್ಯ, ದೆವ್ವ ಅಲ್ವಾ, ಸುಟ್ರೇ ಒಳ್ಳೇದು," ಎಂದಳು. ಎರಡು ವರ್ಷದಲ್ಲಿ ಆರು ಪುಸ್ತಕ ಸಿಕ್ಕವು.

ಪ್ರತಿಯೊಂದರಲ್ಲೂ ಬೆರಗಾಗುವಂಥದ್ದು ಏನಾದರೂ ಇತ್ತು. ಹಗಲಿನ ಹೆದರಿಕೆಯನ್ನು ಹೀಗೆ ಬರೆದವರನ್ನು ನಾನು ಓದಿರಲಿಲ್ಲ. ದೆವ್ವವನ್ನು ತೋರಿಸದಿರುವ ಈ ಕಲಾವಿದನ ಸಂಯಮದ ಬಗ್ಗೆ ದಿನಚರಿಯಲ್ಲಿ ನಾಲ್ಕು ಪುಟ ಬರೆದೆ. ಈಗ ಓದಿದರೆ ವಿಶ್ವವಿದ್ಯಾಲಯದ ವಾಸನೆ ಹೊಡೆಯುತ್ತದೆ. 'ಗೈರುಹಾಜರಿಯ ಸೌಂದರ್ಯ' ಎಂಬ ಮಾತೂ ಅದರಲ್ಲಿದೆ.

ಮಳೆ ಹಿಡಿದಾಗ ಪುಸ್ತಕಗಳಿಗೆ ಬೂಷ್ಟು ಬರತೊಡಗಿತು. ಅಂಚಿನಲ್ಲಿ ಹುಳವೂ ಕೊರೆದಿತ್ತು. ಇನ್ನೊಂದು ಪ್ರತಿ ಸಿಗುವ ಭರವಸೆ ಇರಲಿಲ್ಲ. ನನ್ನ ಕೋಣೆಯಲ್ಲಿ ಹಾಳಾದರೆ ಇವು ಇಲ್ಲವೇ ಇಲ್ಲ ಎಂಬ ಭಯ ಹತ್ತಿತು. ಹಳೆಯ ಕಡತಗಳಿಗೆ ರಟ್ಟು ಹಾಕುವವರು ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತು ಬೆರೆಸುತ್ತಾರೆ, ಅದಕ್ಕೆ ಹುಳ ಬರುವುದಿಲ್ಲ. ಅಡಿಕೆಗೆ ಹೊಡೆದು ಉಳಿದ ಮೈಲುತುತ್ತು ಇಲ್ಲಿ ಯಾರ ಮನೆಯಲ್ಲಿ ಕೇಳಿದರೂ ಸಿಗುತ್ತದೆ. ಪಿನ್ನು ಬಿಚ್ಚಿ, ಒಂದೊಂದೇ ಹಾಳೆಯ ಬೆನ್ನಿಗೆ ಅಂಟು ಸವರಿ, ಬಿಳಿ ರಟ್ಟಿಗೆ ಒತ್ತಿದೆ. ನಲವತ್ತೆಂಟು ರಟ್ಟು. ಬಟ್ಟೆಯ ಬೆನ್ನು ಹಾಕಿ ಆಲ್ಬಮ್ ಮಾಡಿದೆ. ಮೈಲುತುತ್ತಿನಿಂದ ಹಾಳೆ ಅಲ್ಲಲ್ಲಿ ನೀಲಿಗೆ ತಿರುಗಿತ್ತು, ಆದರೆ ಹುಳ ಬರಲಿಲ್ಲ. ನನಗೆ ಹೆಮ್ಮೆಯೋ ಹೆಮ್ಮೆ.

ಚಿತ್ರ ಬರೆದವರ ಗುರುತು ಸಿಕ್ಕಿದ್ದು ಕೊಪ್ಪದ ಪ್ರೆಸ್ಸಿನಲ್ಲಿ. ಸ್ಕ್ರೀನ್ ಎಂಬ ಚೌಕಟ್ಟಿಗೆ ಬಿಗಿದ ಬಟ್ಟೆಯ ಮೂಲಕ ಶಾಯಿ ಒತ್ತಿ ಬಿಲ್ ಬುಕ್ಕು, ಮದುವೆ ಕಾರ್ಡು ಮಾಡುವ ಸಣ್ಣ ಪ್ರೆಸ್ಸು. ಯಜಮಾನರನ್ನು ಎಲ್ಲರೂ ಭಾಯಿ ಎಂದೇ ಕರೆಯುತ್ತಿದ್ದರು. ಗುಲಾಬಿ ಕಾಗದದ ವಿಷಯ ಎತ್ತಿದ್ದೇ ಅವರು ಕನ್ನಡಕ ಮೇಲೇರಿಸಿದರು.

"ಆಷಾಢದಲ್ಲಿ ಯಾರು ಮದ್ವೆ ಮಾಡ್ತಾರೆ ಸಾರ್? ಕಾರ್ಡಿಲ್ಲ, ಕೆಲ್ಸ ಇಲ್ಲ. ಪೇಂಟ್ರಿಗೂ ಮಳೇಲಿ ಬೋರ್ಡಿನ ಕೆಲ್ಸ ಇರ್ಲಿಲ್ಲ. ಬರೋರು, ಉಳಿದ ಕಾಗದದಲ್ಲಿ ದೆವ್ವ ಒತ್ತೋರು. ವರ್ಷಕ್ಕೆ ಒಂದು."

"ಮೂಲ ಚಿತ್ರ ನಿಮ್ಮ ಹತ್ರ ಇದೆಯಾ?"

"ಎಲ್ಲಿಂದ? ಶ್ರಾವಣ ಬಂತು ಅಂದ್ರೆ ಸ್ಕ್ರೀನ್ ತೊಳೀಲೇಬೇಕು. ಅದೇ ಬಟ್ಟೇಲಿ ದೆವ್ವ, ಅದೇ ಬಟ್ಟೇಲಿ ವಧೂವರರು," ಎಂದು ಭಾಯಿ ನಕ್ಕರು. ಅವರ ಬಳಿ ಒಂದು ಪ್ರತಿಯೂ ಇರಲಿಲ್ಲ. ಪೇಂಟರ್ ನರಸಿಂಹರಾಜಪುರದಲ್ಲಿದ್ದಾರೆ, ಈಗ ಫ್ಲೆಕ್ಸ್ ಬಂದ ಮೇಲೆ ಕೈಬರಹದ ಬೋರ್ಡು ಯಾರಿಗೂ ಬೇಡ, ಪುಸ್ತಕ ಮಾಡುವುದನ್ನೂ ಬಿಟ್ಟಿದ್ದಾರೆ ಎಂದರು.

ಪೇಂಟರ್ ಮನೆಗೆ ಆಲ್ಬಮ್ ಎತ್ತಿಕೊಂಡು ಹೋದೆ. ಅರವತ್ತರ ಆಸುಪಾಸು, ಸಣಕಲು ದೇಹ, ಉಗುರಿನ ಸಂದಿಯಲ್ಲಿ ಹಳೆಯ ಬಣ್ಣ. ಜಗಲಿಯಲ್ಲಿ ಕೂರಿಸಿದರು. ನಾನು ಬೋರ್ಡು ಹುಡುಕಿಕೊಂಡು ಊರೂರು ಇಳಿದದ್ದನ್ನು ಹೇಳಿದಾಗ ಅವರ ಮುಖ ಅರಳಿತು. "ನೆಮ್ಮಾರಿಗೂ ಹೋಗಿದ್ರಾ? ಅಲ್ಲಿ ಇನ್ನೂ ಇತ್ತಾ?" ಎಂದು ಎರಡು ಸಲ ಕೇಳಿದರು. ಅವರ ಪ್ರತಿಗಳೆಲ್ಲ ಒಂದು ಮಳೆಗಾಲದಲ್ಲಿ ಅಂಗಡಿಯ ಮಾಡು ಸೋರಿ ಮುದ್ದೆಯಾಗಿ ಹೋಗಿದ್ದವಂತೆ.

ಆಲ್ಬಮ್ ತೆರೆದರು. ಒಂದು ರಟ್ಟಿನ ಮೇಲೆ ಬೆರಳಾಡಿಸಿದರು. ಅದನ್ನು ಎತ್ತಿ ಬೆಳಕಿನ ಕಡೆ ಹಿಡಿದರು. ಇನ್ನೊಂದು ರಟ್ಟನ್ನೂ ಹಾಗೆಯೇ ಹಿಡಿದರು. ಆಮೇಲೆ ಮುಚ್ಚಿಟ್ಟರು.

"ಭಾರೀ ಚೊಕ್ಕ ಮಾಡಿದ್ದೀರಿ," ಎಂದರು. ದನಿಯಲ್ಲಿ ಏನೂ ಇರಲಿಲ್ಲ.

"ಏನಾಯ್ತು?" ಎಂದೆ.

"ಎಂತ ಇಲ್ಲ. ಅಲ್ಲ ಮೇಷ್ಟ್ರೇ, ನೀವು ಇದನ್ನ ಎಲ್ಲಿ ಕೂತು ಓದಿದ್ರಿ?"

"ಮೇಜಿನ ಮೇಲಿಟ್ಟು."

"ಹಾಂ. ಮೇಜು." ಅವರು ನಗಲು ನೋಡಿದರು. "ದೆವ್ವ ಹಿಂದೆ ಇತ್ತು ಮಾರಾಯ್ರೆ. ಬೆಳಕಿಗೆ ಹಿಡಿದ್ರೆ ಬೆಂಚಿನ ಮೇಲೆ ಬಂದು ಕೂರ್ತಿತ್ತು."

ಹಿಂಬದಿಯ ಮಸುಕು ಕಲೆಗಳು ಶಾಯಿಯ ದೋಷವಲ್ಲ. ಪ್ರತಿ ಹಾಳೆಯ ಬೆನ್ನಿಗೂ ತೆಳು ಬೂದು ಶಾಯಿಯಲ್ಲಿ, ತಿರುಗುಮುರುಗಾಗಿ, ಮುಂಬದಿಯ ಚಿತ್ರದ ಖಾಲಿ ಜಾಗಕ್ಕೆ ಕೂದಲೆಳೆಯಷ್ಟೂ ತಪ್ಪದ ಹಾಗೆ ಅವರು ದೆವ್ವವನ್ನು ಒತ್ತಿದ್ದರು. ನಕಲು ಹಾಳೆಯನ್ನೇ ಆರಿಸಿದ್ದು ಅದಕ್ಕೆ. ಅಂಗಡಿ ಬಾಗಿಲಲ್ಲಿ ನೇತು ಹಾಕಿಸಿದ್ದೂ ಅದಕ್ಕೇ: ಮೋಡ ಕವಿದ ದಿನ ಜನ ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದೇ ನೋಡುತ್ತಾರೆ. ಕಟಿಂಗ್ ಶಾಪಿನಲ್ಲಿ ಜನ ಪುಸ್ತಕವನ್ನು ಮುಖದ ಮೇಲಕ್ಕೆ ಎತ್ತಿ ಹಿಡಿದು ಓದುತ್ತಿದ್ದರು ಎಂದು ನನಗೀಗ ನೆನಪಿದೆ. ಆದರೆ ಇದು ಆಮೇಲೆ ನಾನೇ ಸೇರಿಸಿಕೊಂಡ ನೆನಪಿರಬಹುದು. ದಿನಚರಿಯಲ್ಲಿ ಅದರ ಸುಳಿವಿಲ್ಲ.

ನಾಚಿಕೆಯಿಂದ ಏನು ಮಾತಾಡಿದೆನೋ ತಿಳಿಯದು. ಅವರೇ ಸಮಾಧಾನ ಮಾಡಿದರು. "ಇರ್ಲಿ ಬಿಡಿ. ಮುಂಬದಿ ಚಿತ್ರ ಆದ್ರೂ ಉಳೀತು. ನೀವು ಇಡದಿದ್ರೆ ಅದೂ ಇರ್ತಿರ್ಲಿಲ್ಲ." ಆದರೆ ಕೈ ಆಲ್ಬಮ್ಮಿನ ಮೇಲೇ ಇತ್ತು.

ಕೊಪ್ಪಕ್ಕೆ ಬಂದು ಭಾಯಿಯನ್ನು ವಿಚಾರಿಸಿದೆ. ಸ್ಕ್ರೀನ್ ಶಾಯಿ ನೀರಿಗೆ ಜಗ್ಗುವುದಿಲ್ಲ, ಮೈದಾ ಅಂಟು ಬಿಸಿನೀರಿಗೆ ಬಿಡುತ್ತದೆ, ಆದರೆ ಅಷ್ಟು ತೆಳು ಕಾಗದ ಒದ್ದೆಯಾದರೆ ಕೈಗೆ ಬರುತ್ತದೋ ಇಲ್ಲವೋ ದೇವರೇ ಬಲ್ಲ ಎಂದರು. ಸುಮ್ಮನಿದ್ದರೆ ಮುಂಬದಿಯ ಚಿತ್ರ ಉಳಿಯುತ್ತದೆ. ನೆನೆಸಿದರೆ ದೆವ್ವ ಸಿಗಬಹುದು, ಎರಡೂ ಹೋಗಬಹುದು. ನಾನು ನಿರ್ಧರಿಸಬಾರದು ಅನ್ನಿಸಿತು. ಪೇಂಟರಿಗೆ ಕಾಗದ ಬರೆದೆ. ಉತ್ತರ ಬರಲಿಲ್ಲ. ಮುಂದಿನ ವಾರ ಅವರೇ ಬಸ್ಸು ಹತ್ತಿ ಪ್ರೆಸ್ಸಿಗೆ ಬಂದರು.

"ದೆವ್ವ ಇಲ್ಲದ್ದು ಇಟ್ಕೊಂಡು ಎಂತ ಮಾಡೋದು?" ಎಂದು ಅಂಗಿಯ ತೋಳು ಮಡಚಿದರು.

ಭಾಯಿ ಸ್ಕ್ರೀನ್ ತೊಳೆಯುವ ದೊಡ್ಡ ಟ್ರೇಯಲ್ಲಿ ಬಿಸಿನೀರು ಹಾಕಿದರು. ಬಸ್ ತಂಗುದಾಣದ ಪುಸ್ತಕದಿಂದಲೇ ಶುರು ಮಾಡಿದೆವು. ಮೊದಲ ಹಾಳೆ ಮೂಲೆಯಿಂದ ಎತ್ತುವಾಗಲೇ ನಡುವೆ ಸೀಳಿ ಮೂರು ತುಂಡಾಯಿತು. ನಾನು ಕೈ ಹಿಂದೆಗೆದೆ.

"ಸಾಕು, ಬೇಡ," ಎಂದೆ.

"ಮೇಷ್ಟ್ರೇ, ನೀವು ಆಚೆ ಕೂರಿ. ನಿಮ್ಮ ಕೈಗೆ ಅವಸರ ಜಾಸ್ತಿ," ಎಂದರು ಪೇಂಟರ್. ಭಾಯಿ ನಕ್ಕು ನನಗೊಂದು ಸ್ಟೂಲು ತಳ್ಳಿದರು.

ಎರಡನೆಯದನ್ನು ಅವರು ಎತ್ತಲೇ ಇಲ್ಲ. ರಟ್ಟನ್ನು ನೀರಿನಡಿಯಲ್ಲಿ ಸುಮ್ಮನೆ ಓರೆ ಮಾಡಿ ಹಿಡಿದು ಕಾದರು. ಭಾಯಿ ಚಹಾ ತರಿಸಿ ಕುಡಿದು ಮುಗಿಸುವಷ್ಟು ಹೊತ್ತಾಯಿತು. ಹಾಳೆ ತಾನಾಗಿ ಸಡಿಲಿ ತೇಲಿತು. ಅದರಡಿಗೆ ಸ್ಕ್ರೀನಿನ ಬಟ್ಟೆ ತೂರಿಸಿ, ಮಗುವನ್ನು ನೀರಿಂದ ಎತ್ತುವ ಹಾಗೆ ಎತ್ತಿದರು. ಸ್ಕ್ರೀನಿಗೆ ಬೆಳಕು ಕೊಡುವ ಗಾಜಿನ ಮೇಜಿನ ಮೇಲೆ ಹರಡಿದರು. ಭಾಯಿ ಗಾಜಿನಡಿಯ ಟ್ಯೂಬ್‌ಲೈಟುಗಳನ್ನು ಹಾಕಿದರು.

ಬೆಂಚಿನ ಖಾಲಿ ಜಾಗದಲ್ಲಿ ಒಬ್ಬಳು ಮುದುಕಿ ಕೂತಿದ್ದಳು. ಮೊಣಕಾಲ ಮೇಲೆ ಕೈಚೀಲ, ಬಸ್ಸು ಬರುವ ದಿಕ್ಕಿಗೆ ಕೊರಳು ಚಾಚಿದ್ದಾಳೆ. ಹೆದರಿಸುವ ಯಾವ ಪ್ರಯತ್ನವೂ ಇಲ್ಲ. ಛತ್ರಿಯವನ ಸಂಕೋಚ ಈಗ ನನಗೆ ಅರ್ಥವಾಯಿತು. ನನ್ನ ನಾಲ್ಕು ಪುಟದ ಸಂಯಮ ಇದರ ಮುಂದೆ ಏನೂ ಅಲ್ಲ. ಇದನ್ನು ನೋಡದೆಯೇ ನಾನು ಮೆಚ್ಚಿದ್ದೆ.

ಪೇಂಟರ್ ಬಗ್ಗಿ ನೋಡಿದರು. "ಕೈ ಸ್ವಲ್ಪ ದಪ್ಪ ಆಯ್ತು. ಕೈ ನಂಗೆ ಯಾವಾಗ್ಲೂ ಬರೂದಿಲ್ಲ," ಎಂದರು. ಎಷ್ಟೋ ಹೊತ್ತು ಬಗ್ಗಿಯೇ ಇದ್ದರು.

ನಾಲ್ಕು ಭಾನುವಾರ ಹಿಡಿಯಿತು. ಹೆಚ್ಚಿನವು ಬಂದವು, ಕೆಲವು ಹರಿದವು. ಮೈಲುತುತ್ತು ಜಾಸ್ತಿ ಬಿದ್ದಲ್ಲಿ ಹಾಳೆ ಬಿಸ್ಕತ್ತಿನ ಹಾಗೆ ಮುರಿಯಿತು. ಶಾಲೆಯ ಕಥೆಯ ಕೊನೆಯ ಹಾಳೆ ಮಾತ್ರ ಬೇರೆ ರೀತಿ ಆಯಿತು. ಮುಂಬದಿಯ ಚಿತ್ರವೆಲ್ಲ, ಮಕ್ಕಳು, ಮಣೆ, ಹಾಜರಿ ಪುಸ್ತಕ, ನೀರಿನಲ್ಲಿ ಚೂರುಚೂರಾಗಿ ತೇಲಿಹೋಯಿತು. ಹಿಂಬದಿಯ ಶಾಯಿ ಅಂಟಿನ ಜೊತೆಗೇ ರಟ್ಟಿನಲ್ಲಿ ಉಳಿದಿತ್ತು: ಸ್ಲೇಟನ್ನು ಎದೆಗವಚಿಕೊಂಡು ನಿಂತ ಒಂದು ಬೂದು ಹುಡುಗಿ, ಸುತ್ತ ಏನೂ ಇಲ್ಲ.

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಪೇಂಟರ್ ಆ ರಟ್ಟನ್ನು ಲುಂಗಿಯ ತುದಿಯಿಂದ ಒರೆಸುತ್ತಿದ್ದರು.

"ಪುಸ್ತಕ ಎಲ್ಲ ನೀವೇ ಇಟ್ಕೊಳ್ಳಿ, ನೀವು ಜೋಪಾನ ಮಾಡ್ತೀರಿ," ಎಂದರು. "ಇದೊಂದು ನಂಗಿರ್ಲಿ."

ಭಾಯಿ ಒಣ ಕಾಗದ ಹುಡುಕಿ ಕೊಟ್ಟರು. ಅದರಲ್ಲಿ ಸುತ್ತಿ, ಕಂಕುಳಲ್ಲಿಟ್ಟುಕೊಂಡು, ಮಧ್ಯಾಹ್ನದ ಬಸ್ಸಿಗೆ ಹೋದರು.