ಅಕ್ರಾದಲ್ಲಿ ತಟ್ಟಿದ ಬಾಗಿಲು

ಓದಿ ನಗುವವರು ನಗಲಿ, ನನಗೇನೂ ಬೇಸರವಿಲ್ಲ. ನಾನು ಲ್ಯಾಬ್ ಟೆಕ್ನಿಷಿಯನ್. ರಕ್ತದಲ್ಲಿ ಇದ್ದದ್ದನ್ನು ಇದೆ ಎಂದು, ಇಲ್ಲದ್ದನ್ನು ಇಲ್ಲ ಎಂದು ಬರೆಯುವುದೇ ನನ್ನ ಕೆಲಸ. ಇಷ್ಟು ವರ್ಷ ಅದನ್ನೇ ಮಾಡಿಕೊಂಡು ಬಂದವಳಿಗೆ ಈ ಒಂದು ರಾತ್ರಿಯ ಬಗ್ಗೆ ಸುಳ್ಳು ಕಟ್ಟಿ ಆಗಬೇಕಾದದ್ದು ಏನೂ ಇಲ್ಲ.

ನನ್ನ ಹೆಸರು ಶೋಭಾ, ಊರು ಗದಗ. ಈಗ ಇರುವುದು ಅಬುಧಾಬಿಯ ಬನಿಯಾಸ್‌ನಲ್ಲಿ. ಯಜಮಾನರಿಗೆ ಮದೀನತ್ ಜಾಯೆದ್ ಕಡೆ ಸೈಟಿನ ಕೆಲಸ, ವಾರಕ್ಕೊಮ್ಮೆ ಬರುತ್ತಾರೆ. ಉಳಿದ ದಿನ ಫ್ಲ್ಯಾಟಿನಲ್ಲಿ ನಾನೊಬ್ಬಳೇ. ಎದುರಿನ ಫ್ಲ್ಯಾಟಿನಲ್ಲಿ ಮಂಗಳೂರಿನ ಫ್ಲೇವಿಯಾ ಇದ್ದಾಳೆ. ಗಂಡ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ನನಗಿಂತ ಹತ್ತು ವರ್ಷ ಚಿಕ್ಕವಳು. ನಮ್ಮ ಮನೆಯ ಇನ್ನೊಂದು ಕೀ ಯಾವಾಗಲೂ ಅವಳ ಹತ್ತಿರವೇ ಇರುತ್ತದೆ.

ನಮ್ಮ ಆಸ್ಪತ್ರೆಯಲ್ಲಿ ಅಕೋಸುವಾ ಎಂಬ ನರ್ಸ್ ಇದ್ದಾಳೆ. ಘಾನಾ ದೇಶದವಳು. ಮೂರು ವರ್ಷದಿಂದ ಒಂದೇ ಮಾತು ಹೇಳುತ್ತಿದ್ದಳು: "ನಮ್ಮ ಅಕ್ರಾ ನೋಡು ಬಾ. ದುಬೈನಲ್ಲಿ ವಿಮಾನ ಹತ್ತಿದರೆ ಎಂಟು ಗಂಟೆ, ಅಷ್ಟೇ." ಕಳೆದ ಜನವರಿಯಲ್ಲಿ ಅವಳು ರಜೆಗೆ ಹೊರಟಾಗ ನಾನೂ ರಜೆ ಹಾಕಿದೆ. ಯಜಮಾನರಿಗೆ ರಜೆ ಸಿಗಲಿಲ್ಲ. "ನೀ ಹೋಗಿ ಬಾ, ನನ್ನ ಹೆಸರಿನ್ಯಾಗ ಎರಡ ಫೋಟೋ ಹೆಚ್ಚಿಗಿ ತಕ್ಕೊಂಡ ಬಾ," ಎಂದರು.

ಹೊರಡುವ ದಿನ ಫ್ಲೇವಿಯಾ ಲಿಫ್ಟಿನ ತನಕ ಬಂದಳು. "ಅಷ್ಟು ದೂರ ಒಬ್ರೇ? ಎಂತ ಧೈರ್ಯ ಮಾರಾಯ್ರೆ ನಿಮ್ಗೆ! ತುಳಸಿಗೆ ನೀರು ನಾನು ಹಾಕ್ತೇನೆ, ನೀವು ಅದ್ರ ಚಿಂತೆ ಬಿಡಿ."

ಅಕ್ರಾ ನನಗೆ ತುಂಬಾ ಹಿಡಿಸಿತು. ಜೇಮ್ಸ್‌ಟೌನಿನ ದೀಪಸ್ತಂಭ, ಅದರ ಕೆಳಗೆ ಬಣ್ಣಬಣ್ಣದ ಮೀನುದೋಣಿಗಳು... ಮಕೋಲಾ ಮಾರ್ಕೆಟ್ಟಿನಲ್ಲಿ ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತ ಹೆಂಗಸರು. ಅಲ್ಲಿ ಹುಟ್ಟಿದ ವಾರದ ಮೇಲೆ ಹೆಸರಿಡುತ್ತಾರೆ. ನಾನು ಶುಕ್ರವಾರ ಹುಟ್ಟಿದವಳು ಎಂದದ್ದೇ ತಡ, ಅಕೋಸುವಾಳ ಮನೆಯವರೆಲ್ಲ ನನ್ನನ್ನು "ಅಫುವಾ, ಅಫುವಾ" ಎಂದು ಕರೆಯತೊಡಗಿದರು. ಶುಂಠಿ, ಖಾರ ಹಚ್ಚಿ ಕರಿದ ಬಾಳೆಹಣ್ಣನ್ನು ಬೇಡವೆಂದರೂ ತಟ್ಟೆಗೆ ಸುರಿಯುತ್ತಿದ್ದರು.

ಒಂದೇ ತೊಂದರೆ ಎಂದರೆ ಧೂಳು. ಆ ತಿಂಗಳುಗಳಲ್ಲಿ ಸಹಾರಾ ಕಡೆಯಿಂದ ಒಣಗಾಳಿ ಬೀಸುತ್ತದೆ. ಸೂರ್ಯ ಕೂಡ ಮಸುಕು. ನನಗೆ ಮೊದಲೇ ಅಸ್ತಮಾ, ಇನ್ಹೇಲರ್ ಸದಾ ಕೈಚೀಲದಲ್ಲೇ ಇರುತ್ತಿತ್ತು.

ಅಕೋಸುವಾಳ ಮನೆ ತುಂಬ ನೆಂಟರು. ಹಾಗಾಗಿ ಎರಡು ಬೀದಿ ಆಚೆ ಒಂದು ಹಳೇ ಗೆಸ್ಟ್ ಹೌಸಿನಲ್ಲಿ ನನಗೆ ಕೋಣೆ ಹಿಡಿದಿದ್ದಳು. ಎರಡು ಅಂತಸ್ತು, ಮೇಲೆ ನಾನೊಬ್ಬಳೇ. ಕೆಳಗೆ ಮ್ಯಾನೇಜರ್ ಮೆನ್ಸಾ ಎಂಬ ಹಿರಿಯರು ಮಲಗುತ್ತಿದ್ದರು. ಒಳ್ಳೆಯ ಮನುಷ್ಯ.

ಐದನೆಯ ರಾತ್ರಿ ಅದು.

ಊಟ ಮುಗಿಸಿ ಕೋಣೆಗೆ ಬರುವಾಗ ಹನ್ನೆರಡು ದಾಟಿತ್ತು. ಕೂದಲ ತುಂಬ ಧೂಳು. ಹಾಗೇ ಮಲಗಲು ಮನಸ್ಸು ಬಾರದೆ ತಲೆಗೆ ನೀರು ಹಾಕಿಕೊಳ್ಳಲು ಬಾತ್‌ರೂಮಿಗೆ ಹೋದೆ. ಫೋನು ಮತ್ತು ಕೈಚೀಲ ಹಾಸಿಗೆಯ ಮೇಲೆ. ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದು ಚೆನ್ನಾಗಿ ನೆನಪಿದೆ.

ಸ್ನಾನ ಮುಗಿಸಿ ನೈಟಿ ಹಾಕಿಕೊಳ್ಳುವಷ್ಟರಲ್ಲಿ ಕರೆಂಟು ಹೋಯಿತು.

ಕಣ್ಣಿಗೆ ಏನೂ ಕಾಣದಷ್ಟು ಕತ್ತಲೆ. ಗೋಡೆ ಸವರುತ್ತಾ ಬಾಗಿಲಿಗೆ ಬಂದೆ. ದುಂಡನೆಯ ಹಿಡಿಯನ್ನು ತಿರುಗಿಸಿದೆ. ಅದು ಸುಮ್ಮನೆ ಗರಗರ ತಿರುಗಿತು... ಇನ್ನೊಮ್ಮೆ ಎಳೆದೆ. ಹಿಡಿ ಕಿತ್ತು ನನ್ನ ಕೈಗೇ ಬಂತು.

ಮೊದಲು ನಗು ಬಂತು. "ಏ ಶೋಭಾ, ಛಲೋ ಸಿಕ್ಕೊಂಡಿ ನೋಡು," ಎಂದುಕೊಂಡೆ. ಬಾಗಿಲು ಬಡಿದು ಕೂಗಿದೆ. "ಮಿಸ್ಟರ್ ಮೆನ್ಸಾ!"

ಆಗಲೇ ಕೆಳಗೆ ಜನರೇಟರ್ ಶುರುವಾಯಿತು. ಸರಿಯಾಗಿ ಬಾತ್‌ರೂಮಿನ ಕಿಂಡಿಯ ಕೆಳಗೆ. ಢರ್ ಢರ್ ಎಂಬ ಆ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ಕರೆಂಟು ಮಾತ್ರ ಮೇಲಿನ ಅಂತಸ್ತಿಗೆ ಬರಲೇ ಇಲ್ಲ. ಬಂದದ್ದು ಡೀಸೆಲ್ ಹೊಗೆ. ಕಿಂಡಿ ತಲೆಯಿಂದ ಎರಡು ಮೊಳ ಎತ್ತರದಲ್ಲಿತ್ತು, ಮುಚ್ಚೋಣವೆಂದರೆ ಕೈಗೆ ಸಿಗದು.

ಐದು ನಿಮಿಷಕ್ಕೆ ಎದೆ ಬಿಗಿಯತೊಡಗಿತು.

ಅಸ್ತಮಾ ಇದ್ದವರಿಗೆ ಗೊತ್ತು, ಉಸಿರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಇನ್ಹೇಲರ್ ಹತ್ತು ಹೆಜ್ಜೆ ದೂರದಲ್ಲಿ, ಬಾಗಿಲ ಆಚೆಗೆ. ಭುಜದಿಂದ ಗುದ್ದಿದೆ, ಕಾಲಿನಿಂದ ಒದ್ದೆ. ಹಳೇ ಕಾಲದ ಗಟ್ಟಿ ಮರ, ಕದಲಲಿಲ್ಲ. ಕೊನೆಗೆ ನೆಲಕ್ಕೆ ಕುಳಿತು ಬಾಗಿಲಡಿಯ ಸಂದಿಗೆ ಮೂಗು ಹಚ್ಚಿದೆ. ಅಂಗೈಯಿಂದ ತಟ್ಟುತ್ತಲೇ ಇದ್ದೆ. ಇಂಗ್ಲಿಷ್ ಎಲ್ಲಾ ಮರೆತು ಹೋಗಿತ್ತು. "ಯಾರರ ಬರ್ರೀ... ಬಾಗ್ಲಾ ತಗೀರಿ..." ಎಂದು ನಮ್ಮೂರ ಮಾತಿನಲ್ಲೇ ಅಳುತ್ತಿದ್ದೆ. ಬೆಳಿಗ್ಗೆ ಅಕೋಸುವಾ ಬಂದು ನೋಡುವಷ್ಟರಲ್ಲಿ ನಾನು ಇರುವುದಿಲ್ಲ ಎನಿಸಿತು.

ಎಷ್ಟು ಹೊತ್ತಾಯಿತೋ... ಇದ್ದಕ್ಕಿದ್ದಂತೆ ಜನರೇಟರ್ ಸದ್ದು ದೂರ ಸರಿದಂತಾಯಿತು.

ಬಾಗಿಲ ಆಚೆ ಒಗ್ಗರಣೆಯ ವಾಸನೆ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಕರಿಬೇವು.

ಆಮೇಲೆ ಒಂದು ದನಿ. ಬಹಳ ಆಚೆಯಿಂದ, ಹೆದರಿದ ದನಿ.

"ಯಾರು ಒಳಗೆ? ...ಶೋಭಕ್ಕನಾ?"

ಫ್ಲೇವಿಯಾ!

ಅವಳು ಇಲ್ಲಿ ಹೇಗೆ ಎಂದು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. "ಹೌದ ಫ್ಲೇವಿಯಾ, ನಾನ! ಬಾಗ್ಲಾ ತಗಿಯವ್ವಾ, ಉಸಿರಾಡ್ಲಿಕ್ಕೆ ಆಗವಲ್ದು!"

"ನೀವು ಯಾವಾಗ ಬಂದದ್ದು? ಬರುದು ಸೋಮವಾರ ಅಲ್ವಾ?"

"ಅದೆಲ್ಲಾ ಆಮ್ಯಾಲ! ತಗೀ!"

"ನಿಲ್ಲಿ ನಿಲ್ಲಿ... ಕೀ ತರ್ತೇನೆ."

ಚಪ್ಪಲಿ ಸಪ್ಪಳ ದೂರ ಹೋಯಿತು, ಮತ್ತೆ ಬಂತು. ಎಲ್ಲೋ ಒಂದು ಬೀಗದಲ್ಲಿ ಕೀ ಎರಡು ಸುತ್ತು ತಿರುಗಿತು. ಬನಿಯಾಸ್‌ನ ನಮ್ಮ ಮುಂಬಾಗಿಲು ತೆರೆಯುವಾಗ ಕೀರಲು ಸದ್ದು ಮಾಡುತ್ತದೆ, ಅದೇ ಸದ್ದು. ಹೆಜ್ಜೆಗಳು ನನ್ನ ಹತ್ತಿರವೇ ಬಂದು ನಿಂತವು. ಬಾಗಿಲಡಿಯ ಸಂದಿಯಲ್ಲಿ ಒಂದು ಕ್ಷಣ ಬಿಳಿ ಟ್ಯೂಬ್‌ಲೈಟಿನ ಬೆಳಕು...

ಬಾಗಿಲು ತೆರೆಯಿತು.

ನಾನು ಮುಗ್ಗರಿಸಿ ಹೊರಗೆ ಬಿದ್ದೆ. ಬಿದ್ದದ್ದು ಅಕ್ರಾದ ಗೆಸ್ಟ್ ಹೌಸಿನ ಚಾಪೆಯ ಮೇಲೆ, ಕತ್ತಲಲ್ಲಿ. ಜನರೇಟರ್ ಮೊದಲಿನಂತೆಯೇ ಹೊಡೆದುಕೊಳ್ಳುತ್ತಿತ್ತು. ತೆವಳಿ ಹೋಗಿ ಇನ್ಹೇಲರ್ ಹುಡುಕಿ ಎರಡು ಸಲ ಒತ್ತಿದೆ. ಉಸಿರು ಬಂದ ಮೇಲೆ ಫೋನಿನ ಟಾರ್ಚ್ ಹಾಕಿ ಸುತ್ತ ನೋಡಿದೆ.

ಕೋಣೆಯಲ್ಲಿ ಯಾರೂ ಇಲ್ಲ. ಕೋಣೆಯ ಬಾಗಿಲಿಗೆ ನಾನು ಹಾಕಿದ ಚಿಲಕ ಹಾಕಿದಂತೆಯೇ ಇತ್ತು.

ಅಷ್ಟರಲ್ಲಿ ಕೈಯಲ್ಲಿದ್ದ ಫೋನ್ ರಿಂಗಾಯಿತು. ಫ್ಲೇವಿಯಾಳ ಕಾಲ್. ಅಕ್ರಾದಲ್ಲಿ ಗಂಟೆ ಒಂದು ಇಪ್ಪತ್ತು, ಅಬುಧಾಬಿಯಲ್ಲಿ ಬೆಳಗಿನ ಐದು ಇಪ್ಪತ್ತು.

"ಶೋಭಕ್ಕಾ..." ಅವಳ ದನಿ ಕಂಪಿಸುತ್ತಿತ್ತು. "ನೀವು ಎಲ್ಲಿದ್ದೀರಿ?"

"ಅಕ್ರಾದಾಗ."

"ಅಕ್ರಾದಲ್ಲಾ?" ಎಂದು ಇನ್ನೊಮ್ಮೆ ಕೇಳಿಕೊಂಡಳು. ಆಮೇಲೆ ಹೇಳಿದಳು. ಮಕ್ಕಳ ಟಿಫಿನ್‌ಗೆ ಒಗ್ಗರಣೆ ಹಾಕುತ್ತಿದ್ದಾಗ ನಮ್ಮ ಫ್ಲ್ಯಾಟಿನ ಒಳಗಿನಿಂದ ಬಡಿಯುವ ಸದ್ದು ಕೇಳಿತಂತೆ. ಹೊರಗೆ ನಿಂತು ಕೇಳಿದಾಗ ನಾನೇ ಉತ್ತರ ಕೊಟ್ಟೆನಂತೆ. ಕೀ ತಂದು ಒಳಗೆ ಹೋದಳು, ಲೈಟ್ ಹಾಕಿದಳು. ಬಾತ್‌ರೂಮಿನ ಬಾಗಿಲು ಅದುರುತ್ತಿತ್ತು. ತೆರೆದಳು. ಒಳಗೆ ಬಕೆಟ್ಟು, ಮಗ್ಗು. ನೆಲ ಒಣಗಿತ್ತು.

"ಯಾರೂ ಇರ್ಲಿಲ್ಲ ಶೋಭಕ್ಕ... ಆದ್ರೆ ಡೀಸೆಲ್ ವಾಸನೆ ಬಂತು. ಮುಖಕ್ಕೇ ಹೊಡೀತು."

ಅವಳ ಮಕ್ಕಳು ಶಾಲೆಗೆ ಹೊರಡುವ ತನಕ ನಾವಿಬ್ಬರೂ ಫೋನ್ ಕಟ್ ಮಾಡಲಿಲ್ಲ. ಅವಳು ನಡುನಡುವೆ ಕೊಂಕಣಿಯಲ್ಲಿ ಪ್ರಾರ್ಥನೆ ಹೇಳುತ್ತಿದ್ದಳು. ನಾನು ಹಾಸಿಗೆಯ ಮೂಲೆಯಲ್ಲಿ ಕುಳಿತು ಕೇಳುತ್ತಿದ್ದೆ.

ಬೆಳಿಗ್ಗೆ ಮೆನ್ಸಾ ಅವರಿಗೆ ಒಳಗೆ ಸಿಕ್ಕಿಬಿದ್ದದ್ದನ್ನು ಹೇಳಿ ಬಾತ್‌ರೂಮ್ ಬಾಗಿಲು ತೋರಿಸಿದೆ. ಅವರು ಬಗ್ಗಿ ನೋಡಿದರು. ಬೀಗದ ನಾಲಿಗೆ ಪೂರ್ತಿ ಹೊರಗೆ ಚಾಚಿ ಬಿಗಿದುಕೊಂಡಿತ್ತು. ಬೆರಳಿನಿಂದ ಒತ್ತಿದರು, ಸುತ್ತಿಗೆಯಿಂದ ಬಡಿದರು, ಒಳಗೆ ಹೋಗಲಿಲ್ಲ. ಚೌಕಟ್ಟಿನ ಮರ ಎಲ್ಲೂ ಸೀಳಿರಲಿಲ್ಲ.

"ಮೇಡಂ, ಇದು ಹೀಗಿರುವಾಗ ಬಾಗಿಲು ತೆರೆಯುವುದಕ್ಕೇ ಆಗುವುದಿಲ್ಲ," ಎಂದರು. "ನಿಮ್ಮನ್ನು ಯಾರು ಹೊರಗೆ ಬಿಟ್ಟರು?"

ಮುಂದಿನ ಎರಡು ರಾತ್ರಿ ಅಕೋಸುವಾಳ ಮನೆಯಲ್ಲೇ, ಅವಳ ಅಮ್ಮನ ಪಕ್ಕದಲ್ಲಿ ಮಲಗಿದೆ. ಆ ಹಿರಿಯಾಕೆ ನನ್ನ ಕೈ ಹಿಡಿದುಕೊಂಡೇ ಮಲಗಿದ್ದರು.

ವಾಪಸ್ ಬಂದ ಮೇಲೆ ಯಜಮಾನರಿಗೆ ಎಲ್ಲ ಹೇಳಿದೆ. ಕೇಳಿದರು, ಗದ್ದ ಕೆರೆದುಕೊಂಡರು. "ಜೀವಂತ ಬಂದೀ. ಖಲಾಸ್, ಅದನ್ನ ಬಿಟ್ಟಬಿಡು," ಎಂದರು. ನಾನೂ ಬಿಟ್ಟೇಬಿಟ್ಟಿದ್ದೆ. ದೂರದ ಗೆಳತಿಗೆ ಹೇಗೋ ನನ್ನ ಕೂಗು ಮುಟ್ಟಿತು, ದೇವರು ದೊಡ್ಡವನು ಎಂದು ಸಮಾಧಾನ ಮಾಡಿಕೊಂಡಿದ್ದೆ.

ಆದರೆ ಹೋದ ತಿಂಗಳು ದುಬೈನ ಊದ್ ಮೇಥಾದಲ್ಲಿ ಫ್ಲೇವಿಯಾಳ ಮಗಳ ಡಾನ್ಸ್ ಇತ್ತು. ಮುಗಿಸಿಕೊಂಡು ಅವಳ ಕಾರಿನಲ್ಲಿ ಬನಿಯಾಸ್‌ಗೆ ಬರುತ್ತಿದ್ದೆವು. ಮಕ್ಕಳು ಹಿಂದೆ ನಿದ್ದೆ. ಗಾಡಿ ಓಡಿಸುತ್ತಾ ಅವಳೇ ಮಾತು ತೆಗೆದಳು.

"ಶೋಭಕ್ಕ, ಒಂದು ಕೇಳ್ಲಿಕ್ಕುಂಟು. ಬೇಜಾರ್ ಮಾಡ್ಬೇಡಿ."

"ಕೇಳವ್ವಾ."

"ಆ ದಿನ ಒಳಗೆ ನಿಮ್ಮೊಟ್ಟಿಗೆ ಯಾರಿದ್ರು?"

"ಯಾರಿದ್ರು ಅಂದ್ರ? ನಾ ಒಬ್ಬಾಕೀನ ಇದ್ದೆ."

ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನೀವು ಬಡೀತಾ ಕೂಗ್ತಿದ್ರಿ, ತೆಗಿ ತೆಗಿ ಅಂತ. ಅದು ಸರಿ. ಆದ್ರೆ ಹಿಂದಿಂದ ಇನ್ನೊಬ್ರು ಮೆಲ್ಲ ಹೇಳ್ತಾ ಇದ್ರು. ನಾನು ಹಿಡಿಗೆ ಕೈ ಹಾಕುವ ತನಕವೂ ಹೇಳ್ತಾ ಇದ್ರು."

"ಏನಂತ?"

"'ತಗೀಬ್ಯಾಡಾ ಫ್ಲೇವಿಯಾ, ಆಕೀನ್ನ ಹೊರಗ ಬಿಡಬ್ಯಾಡಾ' ಅಂತ."

ನಾನು ಕಾರಿನ ಏಸಿ ಕಡಿಮೆ ಮಾಡಿ ಅವಳ ಕಡೆ ತಿರುಗಿದೆ.

"ಯಾರ ದನಿ ಅದು?" ಎಂದೆ.

"ಅದೂ ನಿಮ್ದೇ ಸ್ವರ, ಶೋಭಕ್ಕ."

ಬನಿಯಾಸ್ ಮುಟ್ಟಿದ ಮೇಲೆ ಅವಳು ಕಟ್ಟಡದ ಕೆಳಗೆ ನನ್ನನ್ನು ಇಳಿಸಿ ಗಾಡಿ ನಿಲ್ಲಿಸಲು ಹೋದಳು.

ಆವತ್ತಿನಿಂದ ಮನೆಯಲ್ಲಿ ಒಬ್ಬಳೇ ಇರುವಾಗ ನಾನು ಬಾಯಿಬಿಟ್ಟು ಮಾತಾಡುವುದನ್ನೇ ನಿಲ್ಲಿಸಿದ್ದೇನೆ. ನನ್ನ ದನಿ ಕೇಳಿದರೆ, ಅಂದು ಹೊರಗೆ ಬಂದದ್ದು ಆ ಎರಡರಲ್ಲಿ ಯಾವುದೋ ಎಂದು ನನಗೆ ಭಯವಾಗುತ್ತದೆ...