ರೂಪಾಳ ಬಾಟಲಿ ನೀರು

ಮಳೆ ಬಂದದ್ದು ರೂಪಾ ಆ ಪ್ರಶ್ನೆ ಕೇಳಿದ ವಾರವೇ ಅಂದುಕೊಂಡೇ ಬಂದಿದ್ದೇನೆ, ಆದರೆ ನೆನಪು ತನಗೆ ಬೇಕಾದಂತೆ ದಿನಗಳನ್ನು ಪಕ್ಕಪಕ್ಕ ಕೂರಿಸಿರಬಹುದು. ಪ್ರಶ್ನೆಯಂತೂ ಅವಳು ಕೇಳಿದ ಹಾಗೆಯೇ ನೆನಪಿನಲ್ಲಿ ಉಳಿದಿದೆ.

ರಾಜ್ಯದ ಗಡಿಯಾಚೆ, ಸೊರಡಿ ಎಂಬ ಊರಿನ ಕಡೆಯ ಕನ್ನಡ ಶಾಲೆಯೊಂದರಲ್ಲಿ ಜಲಚಕ್ರ ಕಲಿಸುತ್ತಿದ್ದೆ. ನಲ್ಲಿಯಲ್ಲಿ ನೀರಿರಲಿಲ್ಲ. ನಾಲ್ಕನೆಯ ತರಗತಿಯ ರೂಪಾ ಮನೆಯಿಂದ ತಂದಿದ್ದ ಕುಡಿಯುವ ನೀರನ್ನೇ ಪ್ರಯೋಗಕ್ಕೆ ಕೊಟ್ಟಳು. ಒಲೆಯ ಮೇಲೆ ಅದೆಲ್ಲ ಆವಿಯಾಯಿತು. ನೀರು ಎಲ್ಲೂ ಹೋಗುವುದಿಲ್ಲ, ಮಳೆಯಾಗಿ ಮರಳುತ್ತದೆ ಎಂದೆ.

"ಹಂಗಾದ್ರ ನನ್ನ ನೀರು ಯಾರ ಕಡಿಂದ ಹೊಳ್ಳಿ ಇಸ್ಕೋಬೇಕ್ರಿ ಸರ್?"

ಯಾರೂ ನಗಲಿಲ್ಲ. ಅವರ ಓಣಿಯಲ್ಲಿ ಪಕ್ಕದ ಮನೆಗೆ ಕೊಟ್ಟ ಕೊಡ ನೀರು ಟ್ಯಾಂಕರ್ ಬಂದ ದಿನ ವಾಪಸ್ ಬರಲೇಬೇಕು. ನನ್ನ ಬಾಟಲಿ ಕೊಡಲು ಹೋದೆ.

"ಬ್ಯಾಡ್ರಿ. ಬರ್ತದ ಅಂತ ನೀವಽ ಹೇಳೀರಲ್ಲ, ಕಾಯ್ತೀನ್ರಿ."

ಮಳೆ ಬಂದ ದಿನ ರೂಪಾ ಶಾಲೆಯ ತಗಡಿನ ಅಂಚಿಗೆ ಬಾಟಲಿ ಹಿಡಿದು ನಿಂತಳು. ತುಂಬಿದೊಡನೆ ಮುಚ್ಚಳ ಬಿಗಿದು, ಕೊಟ್ಟದ್ದು ವಾಪಸ್ ಬಂದಾಗ ಓಣಿಯಲ್ಲಿ ಹೇಳುವ ಹಾಗೆ ಕೂಗಿದಳು: "ಮುಟ್ಟಿತ್ರಿ ಸರ್!"

ನನ್ನ ಮಾತನ್ನು ನಂಬಿ ಕಾದ ಆ ಹುಡುಗಿಗೆ, ಅದನ್ನು ಉಳಿಸಿಕೊಟ್ಟ ಮಳೆಗೆ ನಾನು ಋಣಿ. ಆ ಬಾಟಲಿಯಲ್ಲಿ ಅವಳ ನೀರಿನ ಒಂದು ಹನಿಯಾದರೂ ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.